ವರದಿಯ ಎರಡನೆಯ ಪುಟ

ವೂರ್‌ಬರ್ಗ್
6 ಸೆಪ್ಟೆಂಬರ್ 2025

ಶ್ರೀಮತಿ ಪದ್ಮಿನಿ ಅವರಿಗೆ,
ಕಾರ್ಯದರ್ಶಿ, ತಗ್ಗುನಾಡು ಕನ್ನಡ ಬಳಗ, ಡೀಮೆನ್

ಆಗಸ್ಟ್ 23ರ ಶನಿವಾರ ಸಂಜೆ ಐದು ಗಂಟೆ ಹತ್ತು ನಿಮಿಷದಿಂದ ಐದು ಐವತ್ತೆರಡರವರೆಗೆ ನನ್ನ ಹೆಂಡತಿ ನೀಲಾಂಬಿಕಾಳನ್ನು ವಾಡನ್ ಸಮುದ್ರದ ಏರುವ ನೀರಿನಲ್ಲಿ ಬಿಡಲಾಯಿತು. ತಪ್ಪನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ. ಆಮೇಲೆ ‘ನಿಮ್ಮ ಪತ್ರದ ವಿಷಯ ಏನೆಂದು ತಿಳಿಯಲಿಲ್ಲ’ ಎನ್ನುವ ಅವಕಾಶ ನಿಮಗಿರಬಾರದು.

ನಡೆದದ್ದನ್ನು ದಾಖಲೆಗಾಗಿ ಬರೆಯುತ್ತೇನೆ. ಬಳಗದ ಮೂವತ್ತೊಂದು ಜನ ಚಪ್ಪಟೆ ತಳದ ಹಾಯಿದೋಣಿಯಲ್ಲಿ ಹೊರಟಿದ್ದೆವು. ಅಮಾವಾಸ್ಯೆಗೆ ನೀರು ಹೆಚ್ಚು ದೂರ ಸರಿಯುತ್ತದೆಂದು ಆ ದಿನವನ್ನು ಆರಿಸಿದ್ದು ನೀವು. ಇಳಿತದಲ್ಲಿ ದೋಣಿ ಮರಳಿನ ಮೇಲೆ ಕುಳಿತಿತು, ಜನ ಇಳಿದು ಅಡ್ಡಾಡಿದರು. ನಾನು ಮಂಡಿನೋವಿನಿಂದಾಗಿ ದೋಣಿಯಲ್ಲೇ ಉಳಿದೆ. ನೀಲಾಂಬಿಕಾ ಸೀಲ್‌ಗಳನ್ನು ನೋಡುತ್ತೇನೆಂದು ನಮ್ಮ ಬಳಗದ ಹುಡುಗ ಚಿರಂತನನ ಜೊತೆ ದೂರ ಹೋದಳು. ಮಂಜು ಕವಿಯಿತು. ನೀರು ಕೊರೆದ ಒಂದು ಕಂದಕದಲ್ಲಿ ಅವಳ ಎಡಗಾಲು ಸಿಕ್ಕಿಕೊಂಡು ಪಾದದ ಮೇಲೆ ಎರಡು ಮೂಳೆ ಮುರಿದವು.

ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಅದಕ್ಕೆಂದೇ ಬಳಗದ ಉಪಗ್ರಹ ಫೋನನ್ನು ಒಯ್ದಿದ್ದೆವು. ಅದು ಚಿರಂತನನ ಚೀಲದಲ್ಲಿತ್ತು. ಐದು ಹತ್ತಕ್ಕೆ ತುರ್ತುಗುಂಡಿ ಒತ್ತಿದೆ ಎನ್ನುತ್ತಾನೆ. ದೋಣಿ ನಡೆಸುವವನ ರೇಡಿಯೋಗೆ ಸುದ್ದಿ ಬಂದದ್ದು ಐದು ಐವತ್ತೆರಡಕ್ಕೆ. ರಬ್ಬರ್ ದೋಣಿ ಅವಳನ್ನು ತಲುಪಲು ಹಿಡಿದದ್ದು ಒಂಬತ್ತೇ ನಿಮಿಷ. ಆ ಹೊತ್ತಿಗೆ ನೀರು ಅವಳ ಎದೆಗೆ ಬಂದಿತ್ತು. ತಣ್ಣೀರಿನಲ್ಲಿ ಅಷ್ಟು ಹೊತ್ತು ಸಿಕ್ಕಿಬಿದ್ದ ಪಾದದ ನರಗಳು ಸತ್ತಿರಬಹುದು ಎಂದು ವೈದ್ಯರು ಹೇಳುತ್ತಿದ್ದಾರೆ. ಅವಳೀಗ ಲೈಡನ್‌ನ ಪುನರ್ವಸತಿ ಕೇಂದ್ರದಲ್ಲಿ ನಡೆಯುವುದನ್ನು ಮೊದಲಿನಿಂದ ಕಲಿಯುತ್ತಿದ್ದಾಳೆ.

ಆ ನಲವತ್ತೆರಡು ನಿಮಿಷ ಎಲ್ಲಿ ಹೋದವು?

ಸಾಧನದ ನೋಂದಣಿಯಲ್ಲಿ ದೋಷವಿಲ್ಲ. 2023ರ ಏಪ್ರಿಲ್‌ನಲ್ಲಿ, ನಾರ್ವೆ ಪ್ರವಾಸಕ್ಕೆ ಮುಂಚೆ, ಆ ಫಾರಂನ ಹನ್ನೊಂದು ಖಾನೆಗಳನ್ನೂ ನಾನೇ ನನ್ನ ಹೆಸರಿನಲ್ಲಿ ತುಂಬಿದ್ದೆ, ಬೇರೆಯವರ ಮೇಲೆ ಬಿಡಲಿಲ್ಲ. ಉಳಿದದ್ದು ಎರಡೇ. ಒಂದೋ ಕಂಪನಿಯ ಸೇವೆ ಟೊಳ್ಳು, ಇಲ್ಲವೇ ಗುಂಡಿಯನ್ನು ಆತ ಹೇಳಿದ ಹೊತ್ತಿಗೆ ಒತ್ತಿಲ್ಲ. ನಾನು ಮೂವತ್ತೊಂದು ವರ್ಷದಿಂದ ಈ ಡಚ್ಚರ ದೇಶದಲ್ಲಿದ್ದೇನೆ. ಇಲ್ಲಿ ಎಲ್ಲದಕ್ಕೂ ಕಾಗದವಿರುತ್ತದೆ. ಕಂಪನಿಯಿಂದ ಆ ದಿನದ ಪೂರ್ತಿ ವರದಿ ತರಿಸಿ, ಅಂಚೆಯಲ್ಲಿ ಕಳಿಸಿ. ಫೋನಿನಲ್ಲಿ ಸಮಾಧಾನ ಹೇಳುವುದು ಬೇಡ, ಬರವಣಿಗೆಯಲ್ಲಿ ಕೊಡಿ.

ಕಾದಿರುವ,
ಅನಂತರಾಮ


ಡೀಮೆನ್
14 ಸೆಪ್ಟೆಂಬರ್ 2025

ಅನಂತರಾಮ್ ಸರ್‌ಗೆ ನಮಸ್ಕಾರ.

ನಿಮ್ಮ ಕೋಪ ನನಗೆ ಅರ್ಥವಾಗುತ್ತದೆ. ಆ ದಿನ ನೀಲಾಂಬಿಕಾ ಆಂಟಿಯನ್ನು ದೋಣಿಗೆ ಎತ್ತಿದಾಗ ಅವರ ತುಟಿಯ ಬಣ್ಣವನ್ನು ನಾನೂ ನೋಡಿದೆ. ನೀವು ನಿಮ್ಮ ಶಾಲು ಹೊದಿಸಿ ಅವರ ಕೈ ಉಜ್ಜುತ್ತಲೇ ಇದ್ದಿರಿ.

ಕಂಪನಿಯ ವರದಿ ನನಗೆ ಸೆಪ್ಟೆಂಬರ್ ಒಂದರಂದೇ ಬಂದಿತ್ತು. ಅದರ ಪ್ರತಿಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಚಿರಂತನ ಗುಂಡಿ ಒತ್ತಿದ್ದು ಐದು ಹತ್ತಕ್ಕೇ ಎಂದು ಮೊದಲ ಪುಟದಲ್ಲಿ ಸ್ಪಷ್ಟವಾಗಿದೆ. ಬ್ಯಾಟರಿ ಶೇಕಡಾ ತೊಂಬತ್ತೊಂದು ಇತ್ತು. ಒಂದೂವರೆ ನಿಮಿಷದಲ್ಲಿ ಕರೆ ಸಹಾಯ ಕೇಂದ್ರ ತಲುಪಿದೆ. ಕರಾವಳಿ ಪಡೆಗೆ ತಿಳಿಸಿದ ಮೇಲೆ ನಡೆದದ್ದು ಕೊನೆಯ ಪುಟದಲ್ಲಿದೆ.

ಆದ್ದರಿಂದ ದಯವಿಟ್ಟು ಆ ಹುಡುಗನ ಮೇಲೆ ಅನುಮಾನ ಬೇಡ. ಆಂಟಿ ಮುಳುಗದಂತೆ ಅಷ್ಟು ಹೊತ್ತು ಅವರನ್ನು ಎತ್ತಿ ಹಿಡಿದವನು ಅವನು. ಅವನಿಗೆ ಈಜು ಬರುವುದಿಲ್ಲ ಎಂಬುದು ನಿಮಗೆ ಗೊತ್ತೇ?

ಸರ್, ಒಂದು ಮಾತು. ಆಂಟಿಯ ಚಿಕಿತ್ಸೆಯ ಕಡೆ ಗಮನ ಕೊಡೋಣ. ಕೆಲವು ಸಂಗತಿಗಳನ್ನು ಅಗೆಯುತ್ತ ಹೋದರೆ ಯಾರಿಗೂ ಒಳ್ಳೆಯದಾಗುವುದಿಲ್ಲ. ಮುಂದಿನ ಭಾನುವಾರ ಲೈಡನ್‌ಗೆ ಹೋಗುವವಳಿದ್ದೇನೆ. ಅವರು ಮೆಂತ್ಯದ ಹಿಟ್ಟು ಕೇಳಿದ್ದಾರೆ.

ನಿಮ್ಮ,
ಪದ್ಮಿನಿ


ವೂರ್‌ಬರ್ಗ್
21 ಸೆಪ್ಟೆಂಬರ್ 2025

ಶ್ರೀಮತಿ ಪದ್ಮಿನಿ ಅವರಿಗೆ,

ನೀವು ಕಳಿಸಿದ ಕಾಗದಗಳು ಎರಡು. ಒಂದರ ಕೆಳಗೆ ‘ಮೂರರಲ್ಲಿ ಒಂದು’ ಎಂದಿದೆ. ಇನ್ನೊಂದರ ಕೆಳಗೆ ‘ಮೂರರಲ್ಲಿ ಮೂರು’ ಎಂದಿದೆ. ನನಗೆ ವಯಸ್ಸಾಗಿರಬಹುದು, ಮೂರರವರೆಗೆ ಎಣಿಸುವುದು ಮರೆತಿಲ್ಲ.

ನಿನ್ನೆ ಫೋನಿನಲ್ಲಿ ಕೇಳಿದೆ. ನೀವು ಏನಂದಿರಿ? ‘ಸರ್, ಎರಡನೇ ಪುಟದಲ್ಲಿ ಪರ್ಸನಲ್ ಡಿಟೇಲ್ಸ್ ಇದೆ, ಇಲ್ಲಿನ ಪ್ರೈವೆಸಿ ಕಾನೂನಿನ ಪ್ರಕಾರ ಕೊಡೋಕಾಗಲ್ಲ.’ ಯಾರ ಪರ್ಸನಲ್ ಎಂದೆ. ‘ಅದನ್ನೂ ಹೇಳೋಕಾಗಲ್ಲ ಸರ್’ ಎಂದಿರಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿದೆ. ನೆಂಟರಿಷ್ಟರ ವಿಳಾಸವನ್ನೆಲ್ಲ ವಾಟ್ಸಾಪ್ ಗುಂಪಿನಲ್ಲಿ ಹಂಚುವ ನಮ್ಮ ಬಳಗಕ್ಕೆ ಖಾಸಗಿತನದ ಕಾನೂನು ಎಂದಿನಿಂದ ನೆನಪಾಯಿತು? 2019ರ ವಾರ್ಷಿಕ ಸಭೆಯ ನಡಾವಳಿಯಲ್ಲೂ ಒಂದು ಪ್ಯಾರಾ ಹೀಗೆಯೇ ಕಾಣೆಯಾಗಿತ್ತು. ಅದನ್ನು ಎಲ್ಲರೂ ಮರೆತಿದ್ದಾರೆ. ನಾನು ಮರೆತಿಲ್ಲ.

ಮುಚ್ಚಿಟ್ಟ ಪುಟದಲ್ಲಿ ಇರಬಹುದಾದದ್ದು ಒಂದೇ. ಸಹಾಯ ಕೇಂದ್ರದವರು ಆ ಸಾಧನಕ್ಕೆ ಏನೋ ಕೇಳಿದ್ದಾರೆ, ಚಿರಂತನ ಉತ್ತರಿಸಿಲ್ಲ ಅಥವಾ ತಪ್ಪು ಉತ್ತರಿಸಿದ್ದಾನೆ. ನಿಮ್ಮ ಮೆಚ್ಚಿನ ಹುಡುಗ, ಯುಗಾದಿ ನಾಟಕದ ನಾಯಕ. ಅವನ ಹೆಸರು ಕೆಡಬಾರದೆಂದು ಪುಟವನ್ನು ಎತ್ತಿಟ್ಟಿದ್ದೀರಿ.

ಹಾಗಾಗಿ ನಾನು ಸುಮ್ಮನಿರಲಿಲ್ಲ. ಮಾಸ್ಟ್ರಿಕ್ಟ್‌ನಲ್ಲಿ ಅವನ ಸಂಶೋಧನೆಯ ಮಾರ್ಗದರ್ಶಕರಿಗೆ ನಿನ್ನೆಯೇ ಪತ್ರ ಹಾಕಿದ್ದೇನೆ. ಆತ ಅಲ್ಲಿ ಸ್ವಯಂಸೇವಕರನ್ನು ಯಂತ್ರದೊಳಗೆ ಮಲಗಿಸಿ ಮಿದುಳಿನ ಚಿತ್ರ ತೆಗೆಯುತ್ತಾನಂತೆ. ತುರ್ತಿನಲ್ಲಿ ಒಂದು ಜೀವದ ಹೊಣೆ ಹೊರಲು ಬಾರದವನ ಕೈಗೆ ಅಂಥ ಕೆಲಸ ಕೊಡಬಹುದೇ ಎಂದು ಕೇಳಿದ್ದೇನೆ. ಇದು ಚಾಡಿಯಲ್ಲ, ನಾಗರಿಕನ ಕರ್ತವ್ಯ.

ಪುಟ ಕಳಿಸಿ. ಇಲ್ಲದಿದ್ದರೆ ನವೆಂಬರ್ 8ರ ರಾಜ್ಯೋತ್ಸವದ ಸಭೆಯಲ್ಲಿ, ವೇದಿಕೆಯ ಮೇಲೆಯೇ, ಎಲ್ಲರೆದುರು ಕೇಳುತ್ತೇನೆ.

ಅನಂತರಾಮ


ಮಾಸ್ಟ್ರಿಕ್ಟ್
2 ಅಕ್ಟೋಬರ್ 2025

ಅನಂತರಾಮ ಅಂಕಲ್,

ನಿಮ್ಮ ಪತ್ರವನ್ನು ನನ್ನ ಪ್ರೊಫೆಸರ್ ನನಗೆ ತೋರಿಸಿದರು. ಇಲ್ಲಿಯವರ ಪದ್ಧತಿ ಹಾಗೆ, ದೂರು ಬಂದರೆ ದೂರಿಗೆ ಒಳಗಾದವನ ಕೈಗೂ ಕೊಡುತ್ತಾರೆ. ಓದಿ ಮುಗಿಸುವವರೆಗೆ ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ನವೆಂಬರ್ 14ಕ್ಕೆ ನನ್ನ ಮೊದಲ ವರ್ಷದ ಮೌಲ್ಯಮಾಪನವಿದೆ. ಅದರಲ್ಲಿ ಪಾಸಾದರೆ ಮುಂದಿನ ಮೂರು ವರ್ಷ ಕೆಲಸ, ಇಲ್ಲದಿದ್ದರೆ ಈ ದೇಶದಲ್ಲಿರುವ ಪರ್ಮಿಟ್ ಕೂಡ ಇಲ್ಲ. ವಿಚಾರಣೆ ಮುಗಿಯುವವರೆಗೆ ಸ್ವಯಂಸೇವಕರ ಜೊತೆ ಕೆಲಸ ಮಾಡುವುದು ಬೇಡ ಎಂದಿದ್ದಾರೆ. ಲಿಖಿತ ಹೇಳಿಕೆ ಕೇಳಿದ್ದಾರೆ.

ಹೇಳಿಕೆಯಲ್ಲಿ ನಾನು ಮಾಡಿದ್ದನ್ನಷ್ಟೇ ಬರೆದಿದ್ದೇನೆ. ನಿಮಗೂ ಅದನ್ನೇ ಬರೆಯುತ್ತೇನೆ.

ಗುಂಡಿ ಒತ್ತಿದೆ. ‘ಕರೆ ತಲುಪಿದೆ, ಇದ್ದಲ್ಲೇ ಇರಿ’ ಎಂದು ಸಂದೇಶ ಬಂತು. ಮಂಜಿನಲ್ಲಿ ದೋಣಿ ಕಾಣುತ್ತಿರಲಿಲ್ಲ. ಕೂಗಿದರೆ ದನಿ ಎತ್ತಲಿಂದ ಎತ್ತ ಹೋಗುತ್ತದೋ ತಿಳಿಯುತ್ತಿರಲಿಲ್ಲ. ಆಂಟಿ ನನ್ನನ್ನು ಬೈಯತೊಡಗಿದರು.

‘ಹೋಗೋ, ದೋಣಿ ಹತ್ರ ಓಡು. ಇಲ್ಲಿ ನಿಂತ್ಕೊಂಡು ಏನ್ ಕಡಿದು ಕಟ್ಟೆ ಹಾಕ್ತೀಯಾ?’

‘ಆಂಟಿ, ನಿಮ್ಮನ್ನ ಬಿಟ್ಟು ಹೋದ್ರೆ ಅಂಕಲ್ ನನ್ನನ್ನ ಸುಮ್ನೆ ಬಿಡ್ತಾರಾ?’

‘ಬಿಡದೇ ಹಿಡ್ಕೊಂಡಿದ್ರೂ ಸುಮ್ನೆ ಬಿಡಲ್ಲ ಕಣೋ, ನೋಡ್ತಿರು.’

ಆಗ ಇಬ್ಬರೂ ನಕ್ಕಿದ್ದೆವು.

ಐದೂವರೆಯ ಹೊತ್ತಿಗೆ ಇನ್ನೊಂದು ಸಂದೇಶ ಬಂತು. ‘ಇದು ನಿಜವಾದ ತುರ್ತೇ? ಖಚಿತಪಡಿಸಿ.’ ಉತ್ತರ ಬರೆಯಲು ಸಾಧನವನ್ನು ಆಕಾಶಕ್ಕೆ ಎತ್ತಿ ಹಿಡಿದು ಎರಡೂ ಕೈಯಲ್ಲಿ ಒತ್ತಬೇಕು. ನೀರು ಆಂಟಿಯ ಸೊಂಟಕ್ಕೆ ಬಂದಿತ್ತು. ಒಂದು ಕೈ ಅವರ ತೋಳಿನ ಕೆಳಗಿತ್ತು. ಅದನ್ನು ತೆಗೆಯದೆ ಹಲ್ಲಿನಲ್ಲಿ ಸಾಧನ ಕಚ್ಚಿ ಹಿಡಿದು ಒಂದೇ ಬೆರಳಿನಲ್ಲಿ ‘ಹೌದು’ ಎಂದು ಒತ್ತಿದೆ. ಮೂರು ಸಲ ಹೋಗಲಿಲ್ಲ. ನಾಲ್ಕನೆಯ ಸಲ ಹೋಯಿತು.

ಅವರು ಹಾಗೇಕೆ ಕೇಳಿದರು ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಈಗ ಗೊತ್ತು. ಎರಡನೆಯ ಪುಟವನ್ನು ನಾನು ಓದಿದ್ದೇನೆ. ಹೇಳಿಕೆಗೆ ಅದನ್ನು ಲಗತ್ತಿಸಿದ್ದರೆ ನನ್ನ ಕಷ್ಟ ಒಂದೇ ದಿನದಲ್ಲಿ ಮುಗಿಯುತ್ತಿತ್ತು. ಲಗತ್ತಿಸಿಲ್ಲ, ಒಬ್ಬರಿಗೆ ಮಾತು ಕೊಟ್ಟಿದ್ದೇನೆ. ದಯವಿಟ್ಟು ಯಾರಿಗೆ ಎಂದು ಕೇಳಬೇಡಿ.

ಚಿರಂತನ


ಮೈಸೂರು, ಕುವೆಂಪುನಗರ
4 ಅಕ್ಟೋಬರ್ 2025

ಚಿ. ಅನಂತುವಿಗೆ ಅಕ್ಕ ಲೀಲಳ ಆಶೀರ್ವಾದ.

ನಿನ್ನ ಹುಟ್ಟುಹಬ್ಬಕ್ಕೆ ತಲುಪಲಿ ಅಂತ ಇವತ್ತೇ ಪೋಸ್ಟ್ ಮಾಡಿಸ್ತಾ ಇದೀನಿ. ಸೊಸೆ ‘ಅತ್ತೆ, ವಾಟ್ಸಾಪಲ್ಲಿ ಹಾಕಿ’ ಅಂತಾಳೆ. ನಲವತ್ತು ವರ್ಷ ಹುಡುಗೀರಿಗೆ ಲೆಕ್ಕ ಹೇಳಿಕೊಟ್ಟ ಕೈ ಕಣಮ್ಮ ಇದು, ಬರೆದರೇ ಸಮಾಧಾನ ಅಂದೆ. ನೀಲೂ ಕಾಲು ಹೇಗಿದೆ? ಮನೆ ಮೆಟ್ಟಿಲ ಮೇಲೆ ಜಾರಿದ್ದಕ್ಕೆ ಇಷ್ಟು ದಿನ ಆಸ್ಪತ್ರೆ ಅಂದ್ರೆ ಅದೆಂಥ ಮೆಟ್ಟಿಲೋ! ಆ ದೇಶದ ಮೆಟ್ಟಿಲು ಏಣಿ ಥರ ನೆಟ್ಟಗಿರುತ್ತೆ ಅಂತ ನೀನೇ ಹಿಂದೆ ಬರೆದಿದ್ದೆ. ಹುಷಾರು ಕಣೋ.

ದಸರಾ ಚೆನ್ನಾಗಾಯ್ತು. ಈ ಸಲ ನಂಗೊಂದು ಸನ್ಮಾನ ಆಗಿದೆ ಗೊತ್ತಾ? ಪಕ್ಕದ ಬೀದಿಯಲ್ಲಿ ಬೊಂಬೆ ಕೂರಿಸಿದ್ರಲ್ಲ, ಅಲ್ಲಿ ಹೆಂಗಸರೆಲ್ಲ ಸೇರಿ, ‘ಲೀಲಮ್ಮ, ಫೋನಲ್ಲಿ ಮೋಸ ಮಾಡೋರಿಂದ ಹೆಂಗೆ ಪಾರಾಗ್ಬೇಕು ಅಂತ ನಾಲ್ಕು ಮಾತು ಹೇಳಿ’ ಅಂದ್ರು. ಹೇಳಿದೆ. ಹೂ ಹಣ್ಣು ಕೊಟ್ಟು ಕೂರಿಸಿದ್ರು. ಎಲ್ಲಾ ನಿನ್ನ ಪುಣ್ಯ.

ಜನವರಿಯಲ್ಲಿ ನಮ್ಮ ರುದ್ರಪ್ಪ ಮೇಷ್ಟ್ರನ್ನ ಡಿಜಿಟಲ್ ಅರೆಸ್ಟ್ ಅಂತ ಎರಡು ದಿನ ಫೋನ್ ಮುಂದೆ ಕೂರಿಸಿದ್ರಲ್ಲ, ಆಗ ನೀನು ನಂಗೆ ಎಷ್ಟು ಬುದ್ಧಿ ಹೇಳಿದೆ! ‘ಅಕ್ಕಾ, ಗೊತ್ತಿಲ್ಲದ ಹೊರದೇಶದ ನಂಬರ್ ಬಂದ್ರೆ ನಂಬಬೇಡ. ನಿನ್ನ ತಮ್ಮ ಅಪಾಯದಲ್ಲಿದಾನೆ ಅಂತಲೇ ಶುರು ಮಾಡ್ತಾರೆ. ದಬಾಯಿಸಿ ಇಟ್ಬಿಡು’ ಅಂದೆಯಲ್ಲ. ಅಕ್ಷರ ಅಕ್ಷರ ಹಾಗೇ ಬಂತು ಕಣೋ! ಬೆನಕನ ಅಮಾವಾಸ್ಯೆ ದಿನ, ರಾತ್ರಿ ಊಟಕ್ಕೆ ತಟ್ಟೆ ಹಾಕೋ ಹೊತ್ತು. ಎರಡು ಸಲ ಎತ್ತಲಿಲ್ಲ. ಮೂರನೇ ಸಲ ಎತ್ತಿದೆ. ಇಂಗ್ಲಿಷಲ್ಲಿ ಒಬ್ಬಳು. ನಿಮ್ಮ ತಮ್ಮನ ಹೆಸರಲ್ಲಿರೋ ಫೋನಿಂದ ಯಾರೋ ಸಹಾಯ ಕೇಳ್ತಿದಾರೆ, ಅವರು ಸಮುದ್ರದಲ್ಲಿದಾರಾ ಅಂತಾಳೆ. ನಂಗೆ ನಗು ತಡೆಯೋಕಾಗಲಿಲ್ಲ. ಅಮಾವಾಸ್ಯೆ ದಿನ ನೀರಿನ ಕಡೆ ತಲೆ ಹಾಕಬೇಡಿ ಅಂತ ನಾನು ಹಿಂದಿನ ದಿನವೇ ಹೇಳಿದ್ದೆ, ನೀನು ಬೆಳಿಗ್ಗೆನೇ ‘ನೆಗಡಿ ಅಕ್ಕಾ, ಇವತ್ತು ಮನೇಲೇ ಮಲಗಿರ್ತೀವಿ’ ಅಂತ ಮೆಸೇಜ್ ಹಾಕಿದ್ದೆ.

‘ನನ್ನ ತಮ್ಮ ಮನೇಲಿ ಕಷಾಯ ಕುಡ್ಕೊಂಡು ಮಲಗಿದಾನೆ. ಸಮುದ್ರವಂತೆ ಸಮುದ್ರ! ನಿಮ್ಮಂಥೋರನ್ನ ಪೊಲೀಸಿಗೆ ಹಿಡಿದು ಕೊಡ್ತೀನಿ’ ಅಂದೆ. ಪಾಪ, ಒಳ್ಳೇ ನಟನೆ ಅವಳದು. ಖಂಡಿತಾನಾ, ಖಂಡಿತಾನಾ ಅಂತ ಮತ್ತೆ ಮತ್ತೆ ಕೇಳಿದಳು. ಖಂಡಿತ, ಸೂರ್ಯ ಹುಟ್ಟೋಷ್ಟು ಖಂಡಿತ ಅಂದು ಇಟ್ಟೆ.

ನೀಲೂಗೆ ಹೇಳು, ಬೇಗ ಓಡಾಡೋ ಹಾಗಾಗಲಿ.

ನಿನ್ನ,
ಲೀಲಕ್ಕ


ವೂರ್‌ಬರ್ಗ್
17 ಅಕ್ಟೋಬರ್ 2025

ಶ್ರೀಮತಿ ಪದ್ಮಿನಿ ಅವರಿಗೆ,

ವರದಿಯ ಎರಡನೆಯ ಪುಟ ನನಗೆ ಬೇಕಾಗಿಲ್ಲ. ಈ ವಿಷಯ ಇಲ್ಲಿಗೆ ಮುಗಿಯಿತೆಂದು ತಿಳಿಯಿರಿ. ನನ್ನ ಹಿಂದಿನ ಪತ್ರಗಳನ್ನು ಕಡತದಿಂದ ತೆಗೆದುಹಾಕಿದರೆ ಒಳ್ಳೆಯದು. ರಾಜ್ಯೋತ್ಸವದ ಸಭೆಯಲ್ಲಿ ಮಾತನಾಡಲು ನನ್ನ ಹೆಸರನ್ನು ಕೊಟ್ಟಿದ್ದೆ. ಅದನ್ನೂ ತೆಗೆಯಿರಿ. ಆರೋಗ್ಯ ಸರಿಯಿಲ್ಲ.

ಅನಂತರಾಮ


ಲೈಡನ್
25 ಅಕ್ಟೋಬರ್ 2025

ರೀ,

ನಿನ್ನೆಯೂ ಬಂದು ಕಿತ್ತಳೆ ಸುಲಿದುಕೊಟ್ಟು, ಹವಾಮಾನದ ಬಗ್ಗೆ ಮಾತಾಡಿ ಹೋದಿರಿ. ಎದುರಿಗೆ ಹೇಳಿದರೆ ನೀವು ವಾದ ಹೂಡಿ ಗೆಲ್ಲುತ್ತೀರಿ. ಬರವಣಿಗೆಯಲ್ಲಿ ಕೊಡಿ ಎಂದು ಊರಿಗೆಲ್ಲ ಹೇಳುವವರು ನೀವು. ಅದಕ್ಕೇ ಬರೆಯುತ್ತಿದ್ದೇನೆ. ಒಂದು ಪ್ರತಿ ಪದ್ಮಿನಿಗೂ ಹೋಗುತ್ತದೆ.

ಮೊದಲು ನನ್ನ ತಪ್ಪು. ಎರಡನೆಯ ಪುಟವನ್ನು ಮುಚ್ಚಿಡಲು ಹೇಳಿದ್ದು ನಾನು. ವರದಿ ಬಂದ ದಿನವೇ ಪದ್ಮಿನಿ ಅದನ್ನು ಆಸ್ಪತ್ರೆಗೆ ತಂದಿದ್ದಳು. ಚಿರಂತನನೂ ಇದ್ದ. ಮೂವರೂ ಓದಿದೆವು. ತುರ್ತು ಕರೆ ಬಂದರೆ ಕೇಂದ್ರದವರು ಮೊದಲು ಫಾರಂನ ಒಂಬತ್ತನೆಯ ಖಾನೆಯಲ್ಲಿರುವವರನ್ನು ವಿಚಾರಿಸುತ್ತಾರಂತೆ. ಪ್ರವಾಸಕ್ಕೆ ಬಾರದ, ಸದಾ ಫೋನಿಗೆ ಸಿಗುವ ಒಬ್ಬರ ಹೆಸರು ಅಲ್ಲಿರಬೇಕು. ನಮ್ಮ ಬಳಗದಲ್ಲಿ ಒಬ್ಬರು ಹೊರಟರೆ ಎಲ್ಲರೂ ಹೊರಡುತ್ತಾರೆ, ಮನೆಯಲ್ಲಿ ಉಳಿಯುವವರೇ ಇಲ್ಲ. ಹಾಗಾಗಿ ನೀವು ಅಕ್ಕನ ಹೆಸರು ಬರೆದಿರಿ. ಅದರಲ್ಲಿ ತಪ್ಪಿರಲಿಲ್ಲ. ಆಮೇಲೆ ಅದೇ ಅಕ್ಕನಿಗೆ ಹೊರದೇಶದ ಕರೆಯನ್ನು ನಂಬಬೇಡ ಎಂದಿರಿ. ಅದರಲ್ಲೂ ತಪ್ಪಿರಲಿಲ್ಲ. ಆದರೆ ಒಂದನ್ನು ಮಾಡುವಾಗ ಇನ್ನೊಂದು ನೆನಪಾಗಲಿಲ್ಲ. ಇದರ ಮೇಲೆ, ಅವರು ಬೈಯುತ್ತಾರೆಂದು, ಅರವತ್ತನಾಲ್ಕನೆಯ ವಯಸ್ಸಿನಲ್ಲಿ ನೆಗಡಿಯ ಸುಳ್ಳು.

‘ತಮ್ಮ ಮನೆಯಲ್ಲಿದ್ದಾನೆ ಎಂದು ಸಂಪರ್ಕದ ವ್ಯಕ್ತಿ ಖಚಿತಪಡಿಸಿದರು. ಆಕಸ್ಮಿಕ ಒತ್ತುವಿಕೆ ಇರಬಹುದು.’ ಪುಟದಲ್ಲಿರುವುದು ಇಷ್ಟೇ. ನಾನು ನೀರಿನಲ್ಲಿದ್ದೆ, ಕಾಗದದಲ್ಲಿ ಮನೆಯಲ್ಲಿದ್ದೆ. ಕಂಪನಿಯವರು ಒತ್ತಿದ ಗುಂಡಿಗಿಂತ ದೂರದ ಮಾತನ್ನು ಹೆಚ್ಚು ನಂಬಿದ್ದೇಕೆ ಎಂದು ಅವರನ್ನೂ ಕೇಳಬೇಕು, ಕೇಳೋಣ. ಆದರೆ ಸರದಿಯಲ್ಲಿ ನೀವು ಮುಂದಿದ್ದೀರಿ.

ಇದು ನಿಮಗೆ ತಿಳಿದರೆ ನೀವು ತಡೆದುಕೊಳ್ಳಲಾರಿರಿ ಎಂದುಕೊಂಡೆ. ಚಿರಂತನನಿಂದ ಮಾತು ತೆಗೆದುಕೊಂಡೆ. ನೀವು ಅವನ ಪ್ರೊಫೆಸರಿಗೆ ಬರೆದದ್ದು ನನಗೆ ತಿಳಿದದ್ದು ಕಳೆದ ವಾರ. ಅವನು ಹೇಳಲಿಲ್ಲ, ಪದ್ಮಿನಿ ಅಳುತ್ತ ಹೇಳಿದಳು. ಅವನಿಗೆ ಆ ಕ್ಷಣವೇ ಫೋನ್ ಮಾಡಿ ಕೊಟ್ಟ ಮಾತಿನಿಂದ ಬಿಡಿಸಿದೆ. ‘ಪರವಾಗಿಲ್ಲ ಆಂಟಿ, ಅಂಕಲ್‌ಗೆ ಗೊತ್ತಾದ ಮೇಲೆ ಅವರೇ ಬರೀತಾರೆ’ ಎಂದ. ಅವನಿಗೆ ನಿಮ್ಮ ಮೇಲೆ ಇನ್ನೂ ಅಷ್ಟು ನಂಬಿಕೆ.

ಅದೇ ಹೊತ್ತಿಗೆ ಅಕ್ಕನ ಪತ್ರ ಬಂತು. ನೀವು ಅದನ್ನು ತಂದು ನನ್ನ ಕೈಗೆ ಕೊಟ್ಟಿರಿ. ನಾನು ಓದುವಾಗ ಗೋಡೆಗೆ ಮುಖ ಮಾಡಿ ನಿಂತಿದ್ದಿರಿ. ನನಗೆ ನಿಜವಾಗಿ ಅಯ್ಯೋ ಎನಿಸಿತು. ಈಗ ಈ ಮನುಷ್ಯ ನೇರ ಮಾಸ್ಟ್ರಿಕ್ಟ್‌ಗೆ ರೈಲು ಹತ್ತುತ್ತಾನೆ ಎಂದುಕೊಂಡೆ. ನೀವು ತಿರುಗಿ ಹೇಳಿದ್ದು ಒಂದೇ ಮಾತು. ‘ಇದು ಇಲ್ಲಿಗೇ ಇರಲಿ. ಅಕ್ಕನ ಮರ್ಯಾದೆ ಪ್ರಶ್ನೆ.’

ಅಕ್ಕನನ್ನು ಮುಂದೆ ನಿಲ್ಲಿಸಿ ಹಿಂದೆ ಅಡಗಬೇಡಿ. ಅವರಿಗೆ ನಾನೇ ಮೊನ್ನೆ ಎಲ್ಲ ಹೇಳಿದೆ. ಮೊದಲು ಅತ್ತರು. ಆಮೇಲೆ ಮೂಗು ಒರೆಸಿಕೊಂಡು, ‘ಆ ಹುಡುಗನ ವಿಳಾಸ ಕೊಡು, ನಾನು ಬರೀತೀನಿ. ಅನಂತು ಬರೆದ ತಾನೆ?’ ಎಂದು ಕೇಳಿದರು. ಎಂಬತ್ತರ ಹತ್ತಿರದ ಹೆಂಗಸು ಅರ್ಧ ಗಂಟೆಯಲ್ಲಿ ದಾಟಿದ್ದನ್ನು ನೀವು ಎಂಟು ದಿನದಲ್ಲಿ ದಾಟಿಲ್ಲ. ನಾನು ವಿಳಾಸವನ್ನಷ್ಟೇ ಕೊಟ್ಟೆ. ನೀವು ಬರೆದಿಲ್ಲ ಎನ್ನಲು ನನಗೆ ನಾಚಿಕೆಯಾಯಿತು.

ನನ್ನ ಕಾಲಿನ ಹೆಸರಿನಲ್ಲಿ ನೀವು ಎಲ್ಲರನ್ನೂ ಕೇಳಿದಿರಿ. ಕಾಲು ನನ್ನದು. ಹೆಬ್ಬೆರಳಿಗೆ ಸ್ಪರ್ಶ ತಿಳಿಯುವುದಿಲ್ಲ. ತಿಳಿಯಲಿಕ್ಕಿಲ್ಲ ಎಂದು ನಿನ್ನೆ ಡಾಕ್ಟರ್ ಹೇಳಿದರು, ನೀವು ಹೋದ ಮೇಲೆ. ಇದನ್ನು ಒಪ್ಪಿಕೊಂಡು ನಾನು ನಡೆಯುತ್ತೇನೆ. ಇದಕ್ಕಾಗಿ ನಾನು ನಿಮ್ಮ ಮೇಲೆ ಸಿಟ್ಟಾಗಿಲ್ಲ, ಎಂದೂ ಆಗುವುದಿಲ್ಲ. ನನ್ನನ್ನು ನೀರಿನ ಮೇಲೆ ಎತ್ತಿ ಹಿಡಿದ ಹುಡುಗನನ್ನು ನೀವು ನೀರಿಗೆ ತಳ್ಳಿ, ತಳ್ಳಿದ್ದು ಗೊತ್ತಾದ ಮೇಲೂ ದಡದಲ್ಲಿ ಸುಮ್ಮನೆ ನಿಂತಿದ್ದೀರಲ್ಲ, ಅದನ್ನು ಸಹಿಸುವುದಿಲ್ಲ.

ಸಭೆಯ ಪಟ್ಟಿಯಲ್ಲಿ ನಿಮ್ಮ ಹೆಸರನ್ನು ಮತ್ತೆ ಸೇರಿಸಲು ಪದ್ಮಿನಿಗೆ ಹೇಳಿದ್ದೇನೆ. ನಿಮ್ಮ ನಂತರ ನನ್ನದು, ಪುಟ ಮುಚ್ಚಿಟ್ಟದ್ದಕ್ಕೆ ನಾನೂ ಉತ್ತರ ಕೊಡಬೇಕು. ಚಿರಂತನ ಬರುತ್ತಾನೆ. ಅವನ ಮೌಲ್ಯಮಾಪನಕ್ಕೆ ಆಗ ಆರು ದಿನ ಉಳಿದಿರುತ್ತದೆ. ಅಲ್ಲಿ ಅಕ್ಕನ ಹೆಸರು ಎತ್ತಬೇಕಾಗಿಲ್ಲ, ಕಂಪನಿಯ ಹೆಸರೂ ಬೇಡ. ನೀವು ಪ್ರೊಫೆಸರಿಗೆ ಬರೆದ ಪತ್ರವನ್ನು ಮೊದಲು ಓದಿ. ಆಮೇಲೆ ಬಳಗದ ಎಲ್ಲರೆದುರು, ಆ ಹುಡುಗನ ಮುಖ ನೋಡಿ, ನಾನು ಕೇಳುವ ಇದೊಂದಕ್ಕೆ ಉತ್ತರ ಹೇಳಿ: ಅಕ್ಟೋಬರ್ ಹದಿನೇಳರಂದು ನಿಮಗೆ ಎಲ್ಲ ತಿಳಿದಿತ್ತು, ಅಂದೇ ಅವನ ಪರವಾಗಿ ಇನ್ನೊಂದು ಪತ್ರವನ್ನು ಏಕೆ ಬರೆಯಲಿಲ್ಲ?

ನೀಲಾಂಬಿಕಾ